ಬಿಲ್ಲಿನ ಮೇಲಿನ ಊರು

ತೆರಿಗೆ ಕಾನೂನು ಓದಿಕೊಂಡವರಿಗೆ ಒಂದು ಸೊಕ್ಕು ಇರುತ್ತದೆ. ಊರ ಮಂದಿಗೆ ಗೊತ್ತಿಲ್ಲದ್ದು ತಮಗೆ ಗೊತ್ತಿದೆ ಎಂಬ ಸೊಕ್ಕು. ನನಗೂ ಅದು ಇತ್ತು, ತುಸು ಹೆಚ್ಚೇ ಇತ್ತು. ಆ ಸೊಕ್ಕು ಒಬ್ಬ ಒಳ್ಳೆಯ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿತು. ಇದನ್ನು ಇಷ್ಟು ದಿನ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಬರೆದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಹಾಗೇನೂ ಆಗುವುದಿಲ್ಲ ಎಂಬುದು ಮೊದಲ ಪುಟದಲ್ಲೇ ತಿಳಿದುಹೋಗಿದೆ, ಆದರೂ ಬರೆಯುತ್ತೇನೆ.

ಆಳಂದದ ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಯ ಮಾಳಿಗೆಯ ಮೇಲೆ ನನ್ನದೊಂದು ಕೋಣೆ ಇದೆ. ಅಲ್ಲಿ ಕೂತು ಸಣ್ಣಪುಟ್ಟ ವ್ಯಾಪಾರಿಗಳ ಜಿ.ಎಸ್.ಟಿ. ರಿಟರ್ನ್ ತುಂಬುತ್ತೇನೆ, ವೃತ್ತಿ ತೆರಿಗೆ ಕಟ್ಟಿಸುತ್ತೇನೆ, ಪುರಸಭೆಯ ಅಂಗಡಿ ಪರವಾನಗಿ ಮಾಡಿಸಿಕೊಡುತ್ತೇನೆ. ನಾನು ಹತ್ತಿರದ ಮಟಕಿ ಊರಿನವಳು. ಬಿ.ಕಾಂ. ಮುಗಿಸಿ, ಜೇವರ್ಗಿಯಲ್ಲಿ ಒಬ್ಬ ಹಿರಿಯ ತೆರಿಗೆ ವಕೀಲರ ಕೈಕೆಳಗೆ ಮೂರು ವರ್ಷ ಕೆಲಸ ಕಲಿತು, ಆಮೇಲೆ ಸ್ವಂತ ಕೋಣೆ ಹಿಡಿದೆ. ಹಿಡಿದ ಮೇಲೆ ತಿಳಿಯಿತು, ಕಲಿತದ್ದು ಬೇರೆ, ಮಂದಿ ನಂಬುವುದು ಬೇರೆ ಎಂದು. ಬೇಳೆ ವ್ಯಾಪಾರಿಗಳು ಮೆಟ್ಟಿಲು ಹತ್ತಿ ಬರುತ್ತಿದ್ದರು, ಬಾಗಿಲಲ್ಲಿ ನಿಂತು ಒಳಗೆ ಗಂಡಸರು ಯಾರೂ ಇಲ್ಲವೇ ಎಂದು ಕೇಳುತ್ತಿದ್ದರು, ಇಲ್ಲ ಎಂದರೆ ಹಾಗೇ ಇಳಿದು ಹೋಗುತ್ತಿದ್ದರು. ಎರಡು ತಿಂಗಳು ನಾನು ಫ್ಯಾನಿನ ಕೆಳಗೆ ಕೂತು ಕಾಯ್ದೆಯ ಪುಸ್ತಕ ಓದಿದೆ.

ಮೊದಲು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತವರು ಹಿರೋಳ್ಳಿಯ ಚಾಚಾ. ಆಗಲೇ ಅವರಿಗೆ ಐವತ್ತು ದಾಟಿತ್ತು. ಊರ ಹೊರಗೆ ರಸ್ತೆಯ ಮಗ್ಗುಲಿಗೆ ತಗಡಿನ ಶೆಡ್ ಹಾಕಿ ಒಕ್ಕಲುತನದ ಸಾಮಾನು ಮಾಡುತ್ತಿದ್ದರು. ಅದನ್ನು ಅವರು ಕಾರ್ಖಾನಾ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅವರ ಅಪ್ಪನ ಕಾಲದಲ್ಲಿ ಎತ್ತಿನ ಕೂರಿಗೆ, ಕುಂಟೆ, ರಂಟೆಯ ಕೆಲಸ. ಎತ್ತಿನಿಂದ ಎಳೆಯುವ ಸಾಮಾನಿಗೆ ತೆರಿಗೆ ಇಲ್ಲ. ಎತ್ತು ಕಡಿಮೆಯಾಗಿ ಟ್ರ್ಯಾಕ್ಟರ್ ಬಂದಾಗ ಇವರೂ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕೂರಿಗೆ, ಪಲ್ಟಿ ನೇಗಿಲು ಮಾಡತೊಡಗಿದರು. ಟ್ರ್ಯಾಕ್ಟರ್ ಎಳೆದರೆ ಅದೇ ಕಬ್ಬಿಣಕ್ಕೆ ತೆರಿಗೆ ಇದೆ. ಇದನ್ನು ಕೇಳಿ ಚಾಚಾ ನಕ್ಕಿದ್ದರು, ಸರ್ಕಾರಕ್ಕೆ ಎತ್ತಿನ ಮೇಲೆ ಇರುವ ಕರುಣೆ ಮನುಷ್ಯನ ಮೇಲೆ ಇಲ್ಲವೆಂದು.

ಒಂದು ಹೆಣ್ಣುಮಗಳು ಲೆಕ್ಕಪತ್ರದ ಅಂಗಡಿ ಹಾಕಿದ್ದಾಳೆಂದು ಕೇಳಿ ಬೇಕೆಂತಲೇ ಬಂದೆ ಎಂದು ಅವರು ಹೇಳಿದರು. ತಮ್ಮ ಹಿರಿಯ ಮಗಳು ಗಣಿತದಲ್ಲಿ ಬಹಳ ಹುಷಾರಿದ್ದಳು, ಅವಳನ್ನು ಓದಿಸಲಿಲ್ಲ, ಲಗ್ನ ಮಾಡಿ ಕೊಟ್ಟುಬಿಟ್ಟೆ, ಅದೊಂದು ಮನಸ್ಸಿನಲ್ಲಿ ಉಳಿದಿದೆ ಎಂದರು. ಅವರು ಬಂದ ಮೇಲೆ ಹಿರೋಳ್ಳಿ ಕಡೆಯ ಗೊಬ್ಬರದಂಗಡಿಯವರು ಬಂದರು, ಆಮೇಲೆ ಹಿಟ್ಟಿನ ಗಿರಣಿಯವರು, ಆಮೇಲೆ ಅಫಜಲಪುರದಲ್ಲಿದ್ದ ಅವರ ನೆಂಟರು. ನನ್ನ ಕೋಣೆಯ ಬಾಡಿಗೆ ಹುಟ್ಟಿದ್ದೇ ಆ ಮನುಷ್ಯನ ಬಾಯಿಂದ. ಕಟ್ಟೆಯ ಮೇಲೆ ಕೂತಲ್ಲೆಲ್ಲ ನನ್ನ ಹೆಸರು ಹೇಳುತ್ತಿದ್ದರು.

ನಾನು ಅವರನ್ನು ಕಾಂಪೋಸಿಷನ್ ಪದ್ಧತಿಗೆ ಸೇರಿಸಿದೆ. ಸಣ್ಣ ವ್ಯಾಪಾರಿಗೆ ಇರುವ ಸುಲಭದ ದಾರಿ ಅದು. ಒಟ್ಟು ಮಾರಾಟದ ಮೇಲೆ ನೂರಕ್ಕೆ ಒಂದರಂತೆ ಕಟ್ಟಿದರೆ ಮುಗಿಯಿತು. ಗಿರಾಕಿಯಿಂದ ತೆರಿಗೆ ವಸೂಲಿ ಇಲ್ಲ, ತಿಂಗಳು ತಿಂಗಳು ಬಿಲ್ಲಿನ ವಿವರ ಏರಿಸುವ ರಗಳೆ ಇಲ್ಲ. ಅದಕ್ಕೊಂದು ಷರತ್ತು ಇದೆ. ಆ ಪದ್ಧತಿಯಲ್ಲಿರುವವರು ಬೇರೆ ರಾಜ್ಯಕ್ಕೆ ಸಾಮಾನು ಮಾರುವಂತಿಲ್ಲ. ಒಂದೇ ಒಂದು ಮಾರಿದರೂ ಆ ದಿನದಿಂದ ಪದ್ಧತಿಯಿಂದ ಹೊರಗೆ.

ಹಿರೋಳ್ಳಿಯಲ್ಲಿ ಈ ಷರತ್ತನ್ನು ವಿವರಿಸಿ ಹೇಳುವುದು ಎಷ್ಟು ಕಷ್ಟವೆಂದು ಅಲ್ಲಿ ಹೋದವರಿಗೇ ಗೊತ್ತು. ಅಲ್ಲಿ ಮಹಾರಾಷ್ಟ್ರವೆಂದರೆ ಬೇರೆ ರಾಜ್ಯವಲ್ಲ, ಆಚೆಯ ಬದು. ಚಾಚಾನ ತಂಗಿಯನ್ನು ಕೊಟ್ಟದ್ದು ಗಡಿಯಾಚೆಯ ಊರಿಗೆ. ಕಾರ್ಖಾನೆಯ ಹಿಂದೆ ನಿಂತರೆ ತಂಗಿಯ ಗಂಡನ ಹೊಲದ ಬೇವಿನ ಮರ ಕಾಣುತ್ತದೆ. ಆ ಕಡೆಯವರು ಈ ಕಡೆ ಸಂತೆಗೆ ಬರುತ್ತಾರೆ, ಈ ಕಡೆಯವರು ಆ ಕಡೆ ದವಾಖಾನೆಗೆ ಹೋಗುತ್ತಾರೆ. ಒಂದೇ ಮಾತಿನಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಇರುತ್ತವೆ. ಗಡಿ ಎಲ್ಲಿದೆ ತೋರಿಸಿ ಎಂದರೆ ರಸ್ತೆಯ ಡಾಂಬರು ಬದಲಾಗುವ ಜಾಗ ತೋರಿಸುತ್ತಾರೆ.

ಆದರೂ ನಾನು ಅವರಿಗೆ ಸರಿಯಾದ ದಾರಿಯನ್ನೇ ಹೇಳಿದ್ದೆ. ಆಗಿನ ಕಾನೂನು ಹಾಗಿತ್ತು. ಗಿರಾಕಿ ತಾನೇ ಅಂಗಡಿಗೆ ಬಂದು ಸಾಮಾನು ಎತ್ತಿಕೊಂಡು ಹೋದರೆ ವ್ಯಾಪಾರ ನಡೆದದ್ದು ಅಂಗಡಿಯಲ್ಲಿ, ಅಂದರೆ ಕರ್ನಾಟಕದಲ್ಲಿ. ಅವನು ಆಮೇಲೆ ಎಲ್ಲಿಗೆ ಒಯ್ಯುತ್ತಾನೋ ಅದು ಅವನಿಗೆ ಬಿಟ್ಟದ್ದು. ನೀವು ಮಾತ್ರ ಗಡಿ ದಾಟಿ ಮುಟ್ಟಿಸಬೇಡಿ, ಅವರೇ ಟ್ರ್ಯಾಕ್ಟರ್ ತಂದು ಒಯ್ಯಲಿ ಎಂದು ಹೇಳಿದ್ದೆ. ಚಾಚಾ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಸ್ವಂತ ತಂಗಿಯ ಗಂಡನಿಗೂ ಕೂರಿಗೆ ಮುಟ್ಟಿಸಲಿಲ್ಲ, ಅವನೇ ಬಂದು ಒಯ್ಯಬೇಕಾಯಿತು. ನೆಂಟಸ್ತಿಕೆಯಲ್ಲಿ ಅದಕ್ಕೊಂದು ಸಣ್ಣ ಮುನಿಸೂ ಆಯಿತು.

ಚಾಚಾನ ಬಿಲ್ ಬುಕ್ಕು ನೋಡುವಂಥದ್ದು. ಪ್ರತಿ ಬಿಲ್ಲಿನ ಮೇಲೆ ಗಿರಾಕಿಯ ಹೆಸರು, ಅವನ ಅಪ್ಪನ ಹೆಸರು, ಅದರ ಕೆಳಗೆ ಊರು, ಹೊಲ ಯಾವ ದಿಕ್ಕಿಗೆ ಇದೆ ಎಂಬುದೂ ಇರುತ್ತಿತ್ತು. ನಮ್ಮ ಕಡೆ ಊರಿಲ್ಲದ ಹೆಸರಿಗೆ ಬೆಲೆ ಇಲ್ಲ. ಯಾರನ್ನೇ ಕಂಡರೂ ಮೊದಲು ಕೇಳುವುದು ಯಾವೂರು ಎಂದು, ಅರ್ಧ ಮಂದಿಯ ಅಡ್ಡಹೆಸರೇ ಊರಿನ ಹೆಸರು. ಅದರ ಮೇಲೆ ಚಾಚಾಗೆ ಇನ್ನೊಂದು ಕಾರಣವಿತ್ತು. ತಾವು ಮಾಡಿದ ಕೂರಿಗೆಯ ಹಲ್ಲು ಬಿತ್ತನೆಯ ಹೊತ್ತಿನಲ್ಲಿ ಮುರಿದರೆ ಗಿರಾಕಿ ಅದನ್ನು ಹೊತ್ತು ತರಬೇಕಿರಲಿಲ್ಲ. ಒಂದು ಫೋನ್ ಬಂದರೆ ಸಾಕು, ಇವರೇ ಮೋಟಾರ್ ಸೈಕಲ್ಲಿನ ಹಿಂದೆ ಗ್ಯಾಸಿನ ಸಿಲಿಂಡರ್ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬೆಸೆದು ಬರುತ್ತಿದ್ದರು. ಅದಕ್ಕೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಬಿಲ್ಲಿನ ಮೇಲಿನ ಊರು ಅವರ ಮಟ್ಟಿಗೆ ಕೊಟ್ಟ ಮಾತು.

ಒಂದು ವರ್ಷ ಮುಂಗಾರಿಗೆ ಮೊದಲು ಅವರು ಹೊಸ ಬಿಲ್ ಬುಕ್ಕು ಛಾಪಿಸಲು ಆಳಂದಕ್ಕೆ ಬಂದರು. ನನ್ನ ಕೋಣೆಯಲ್ಲಿ ಆ ದಿನ ಕಾಲಿಡಲು ಜಾಗವಿರಲಿಲ್ಲ. ವಾರ್ಷಿಕ ರಿಟರ್ನುಗಳ ಗಡುವು ಹತ್ತಿರ ಬಂದಿತ್ತು, ಸರ್ವರ್ ನಡೆಯುತ್ತಿರಲಿಲ್ಲ, ನನ್ನ ತಲೆ ಕೆಟ್ಟಿತ್ತು. ಚಾಚಾ ಮಂದಿಯೆಲ್ಲ ಹೋಗುವ ತನಕ ಕಾದು ಕೂತರು. ಆಮೇಲೆ ಕೇಳಿದರು.

"ಅಕ್ಕೋರ, ಅಫಜಲಪುರದಾಗ ಒಬ್ಬ ಮುನೀಮ ಹೇಳಾಕತ್ತಾನ್ರಿ, ಬಿಲ್ಲಿನ ಮ್ಯಾಲ ಬರೇ ಹೆಸರ ಬರೀರಿ, ಊರು ಬರೀಬ್ಯಾಡ್ರಿ, ಕಾಯ್ದೆ ಬದಲಾಗ್ಯದ ಅಂತ. ನೀವೇನಂತೀರಿ?"

ಯಾವನೋ ಮುನೀಮನ ಮಾತು ಕೇಳಿಕೊಂಡು ನನ್ನ ಹತ್ತಿರ ಬಂದಿದ್ದಾರಲ್ಲ ಎಂದು ನನಗೆ ಸಿಟ್ಟು ಬಂತು. ಕಾನೂನು ಬದಲಾದರೆ ಅದು ಅಫಜಲಪುರದ ಮುನೀಮನಿಗೆ ತಿಳಿಯಬೇಕೇ, ನನಗೆ ತಿಳಿಯುವುದಿಲ್ಲವೇ. ಕೀಬೋರ್ಡಿನಿಂದ ಕಣ್ಣು ಎತ್ತದೆ ಹೇಳಿದೆ.

"ಪೂರ್ತಿ ವಿಳಾಸ ಬರೀರಿ ಚಾಚಾ. ಸ್ವಚ್ಛ ಬರದಿಟ್ಟವರಿಗೆ ಯಾವತ್ತೂ ತೊಂದ್ರಿ ಆಗೂದಿಲ್ಲ."

ಅವರು ತಲೆಯಾಡಿಸಿದರು. ಹೊಸ ಬಿಲ್ ಬುಕ್ಕಿನಲ್ಲಿ ಊರಿಗೆಂದೇ ಒಂದು ಗೆರೆ ಹಾಕಿಸಿದರು.

ಕಾನೂನು ನಿಜವಾಗಿಯೂ ಬದಲಾಗಿತ್ತು. ನೋಂದಣಿ ಇಲ್ಲದ ಸಾಮಾನ್ಯ ಗಿರಾಕಿಗೆ ಮಾರಿದಾಗ ಆ ವ್ಯಾಪಾರ ಯಾವ ರಾಜ್ಯದ್ದು ಎಂಬುದಕ್ಕೆ ಇನ್ನು ಮುಂದೆ ಬಿಲ್ಲಿನ ಮೇಲಿನ ವಿಳಾಸವೇ ಆಧಾರ ಎಂದು ಒಂದು ಸಣ್ಣ ಉಪಕಲಮು ಸೇರಿಸಿದ್ದರು. ವಿಳಾಸ ಬರೆದರೆ ಅದು ವಿಳಾಸದ ರಾಜ್ಯದ ವ್ಯಾಪಾರ. ಬರೆಯದಿದ್ದರೆ ಅಂಗಡಿ ಇರುವ ರಾಜ್ಯದ್ದು. ಗಿರಾಕಿ ತಾನೇ ಬಂದು ಒಯ್ದನೋ, ಇವರು ಮುಟ್ಟಿಸಿದರೋ ಎಂಬ ನನ್ನ ಜಾಣತನಕ್ಕೆ ಬೆಲೆ ಉಳಿಯಲಿಲ್ಲ. ಆ ತಿದ್ದುಪಡಿ ನನ್ನ ಫೋನಿನಲ್ಲೇ ಇತ್ತು. ಸಲಹೆಗಾರರ ಗುಂಪಿನಲ್ಲಿ ಯಾರೋ ಹಾಕಿದ್ದರು, ಬೇರೆ ನಲವತ್ತು ಕಡತಗಳ ಜೊತೆ ಅದೂ ತೆರೆಯದೆ ಬಿದ್ದಿತ್ತು. ನಾನು ಓದಿರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಮುಂದಿನ ವರ್ಷ ಇಬ್ಬರು ಅಧಿಕಾರಿಗಳು ಹಿರೋಳ್ಳಿಯ ಕಾರ್ಖಾನೆಗೆ ಬಂದರು. ಕಬ್ಬಿಣದ ಖರೀದಿಗೂ ಮಾರಾಟಕ್ಕೂ ತಾಳೆ ನೋಡುವ ಮಾಮೂಲಿ ತಪಾಸಣೆ. ಖರೀದಿಯಲ್ಲಿ ಒಂದು ಕಿಲೋ ವ್ಯತ್ಯಾಸವೂ ಸಿಗಲಿಲ್ಲ. ಹೊರಡುವ ಮೊದಲು ಬಿಲ್ ಬುಕ್ಕು ತಿರುವಿ ನೋಡಿದರು. ಅಕ್ಷರಗಳು ಅಷ್ಟು ಗುಂಡಾಗಿದ್ದವು, ಓದಲು ತ್ರಾಸೇ ಇರಲಿಲ್ಲ. ಗಡಿಯಾಚೆಯ ಊರುಗಳ ಹೆಸರು ಒಂದೊಂದಾಗಿ ಸಿಕ್ಕವು. ಹೊಸ ಬುಕ್ಕಿನ ಅಂಥ ಬಿಲ್ಲುಗಳಲ್ಲಿ ಎಲ್ಲಕ್ಕಿಂತ ಹಳೆಯದು ತಂಗಿಯ ಗಂಡನಿಗೆ ಬರೆದ ಬಿಲ್ಲು. ಮನೆಯವನಿಗೆ ಬಿಲ್ಲು ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಚಾಚಾ ಮನೆಯವನಿಗೂ ಬಿಲ್ಲು ಬರೆಯುವ ಮನುಷ್ಯ.

ನೋಟೀಸು ಹಿಡಿದುಕೊಂಡು ಅವರು ನನ್ನ ಹತ್ತಿರ ಬಂದ ದಿನ ನಾನು ಅದನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದುವಾಗ ಅಕ್ಷರ ತಲೆಗೆ ಹೋಗಲಿಲ್ಲ. ತಂಗಿಯ ಗಂಡನ ಬಿಲ್ಲಿನ ದಿನದಿಂದಲೇ ಕಾಂಪೋಸಿಷನ್ ಹೋಯಿತು. ಆ ದಿನದಿಂದ ಮಾಡಿದ ಎಲ್ಲ ಮಾರಾಟಕ್ಕೂ, ಹಿರೋಳ್ಳಿಯ ನೆರೆಯವನಿಗೆ ಮಾರಿದ್ದಕ್ಕೂ, ಪೂರ್ತಿ ತೆರಿಗೆ ಕಟ್ಟಬೇಕು. ಕಬ್ಬಿಣ ಕೊಳ್ಳುವಾಗ ಕೊಟ್ಟಿದ್ದ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳಬಹುದಿತ್ತು, ಆದರೆ ಅದರ ಗಡುವು ಮುಗಿದಿತ್ತು. ಬಡ್ಡಿ ಬೇರೆ. ಅದರ ಮೇಲೆ ದಂಡ. ಗಿರಾಕಿಗಳಿಂದ ಅವರು ಒಂದು ರೂಪಾಯಿ ತೆರಿಗೆಯನ್ನೂ ವಸೂಲಿ ಮಾಡಿರಲಿಲ್ಲ, ಮಾಡಲು ಹಕ್ಕೂ ಇರಲಿಲ್ಲ. ಎಲ್ಲವನ್ನೂ ಕೈಯಿಂದ ಕಟ್ಟಬೇಕು.

ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು. ಏನಾಗಿದೆ ಎಂದು ಕೇಳಿದರು. ಊರಿನ ವಿಷಯದಲ್ಲಿ ಏನೋ ತಕರಾರು ತೆಗೆದಿದ್ದಾರೆ, ಉತ್ತರ ಕೊಡೋಣ ಎಂದೆ. ಅಷ್ಟೇ ಹೇಳಿದೆ. ಹೇಳುವಾಗ ಸ್ವರ ಸಹಜವಾಗಿಯೇ ಇತ್ತು, ಅದಕ್ಕೇ ನನಗೆ ನನ್ನ ಮೇಲೆ ಅಸಹ್ಯ.

ಮರುದಿನ ನಾನು ಜೇವರ್ಗಿಗೆ ಹೋದೆ. ನನಗೆ ಕೆಲಸ ಕಲಿಸಿದ ವಕೀಲರಿಗೆ ಈಗ ಕಣ್ಣು ಮಂದ, ಭೂತಗನ್ನಡಿ ಹಿಡಿದು ಓದುತ್ತಾರೆ. ನೋಟೀಸು ಓದಿ, ಕಾಯ್ದೆಯ ಪುಸ್ತಕ ತೆಗೆದು, ಆ ಉಪಕಲಮಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಎರಡೇ ಸಾಲು. ಊರು ಬರೆಯದಿದ್ದರೆ ಈ ನೋಟೀಸೇ ಇರುತ್ತಿರಲಿಲ್ಲ, ಇಂಥ ಬಿಲ್ಲಿಗೆ ಊರು ಬರೆಯಲೇಬೇಕೆಂದು ಕಾನೂನೂ ಇಲ್ಲ ಎಂದರು. ಆಮೇಲೆ, ಬರೆಯಲು ಅವನಿಗೆ ಯಾರು ಹೇಳಿದರು ಎಂದು ಕೇಳಿದರು.

ಅದು ಅವರ ಹಳೆಯ ರೂಢಿ ಎಂದೆ. ಅದು ಸುಳ್ಳಲ್ಲ. ಸುಳ್ಳಲ್ಲದ ಮಾತು ಹೇಳಿ ಸುಳ್ಳಾಡುವುದನ್ನು ಈ ಕಸುಬಿನಲ್ಲಿ ಎಲ್ಲರೂ ಕಲಿಯುತ್ತೇವೆ.

ವಕೀಲರು ಭೂತಗನ್ನಡಿ ಕೆಳಗಿಟ್ಟರು. ತೆರಿಗೆ ಮತ್ತು ಬಡ್ಡಿ ತಪ್ಪುವುದಿಲ್ಲ ಎಂದರು. ದಂಡ ಮಾತ್ರ ಅಧಿಕಾರಿಯ ಮನಸ್ಸಿನ ಮೇಲಿದೆ. ಈ ಮನುಷ್ಯ ತನಗೆ ತಾನೇ ಮಾಡಿದ್ದಲ್ಲ, ಕೇಳಿಕೊಂಡೇ ಮಾಡಿದ್ದು, ಅವನಿಗೆ ತಪ್ಪು ಹೇಳಿದವರು ಇಂಥವರು ಎಂದು ಉತ್ತರದಲ್ಲಿ ಬರೆದು, ಹೇಳಿದವರು ಒಂದು ಪ್ರಮಾಣಪತ್ರ ಕೊಟ್ಟರೆ ದಂಡ ಬಹುತೇಕ ಹೋಗುತ್ತದೆ. ಹೇಳಿದವರ ಹೆಸರು ಆದೇಶದಲ್ಲಿ ಬರುತ್ತದೆ, ಅಷ್ಟೇ ನಷ್ಟ. ಇದನ್ನೆಲ್ಲ ಅವರು ಗೋಡೆ ನೋಡುತ್ತ ಹೇಳಿದರು. ಅವರಿಗೆ ಎಷ್ಟು ಅರ್ಥವಾಗಿತ್ತೋ ನನಗೆ ಇಂದಿಗೂ ಗೊತ್ತಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ನಾನು ಲೆಕ್ಕ ಹಾಕಿದೆ. ದಂಡ ಹೋದರೆ ಚಾಚಾ ಕಾರ್ಖಾನೆಯ ಹಿಂದಿನ ಖಾಲಿ ಜಾಗ ಮಾರಿ ಉಳಿದದ್ದನ್ನು ಹೇಗೋ ಕಟ್ಟಬಹುದು. ದಂಡ ಸೇರಿದರೆ ಕಾರ್ಖಾನೆ ಹೋಗುತ್ತದೆ. ಲೆಕ್ಕ ಇಷ್ಟು ಸರಳವಾಗಿತ್ತು. ಇನ್ನೊಂದು ಲೆಕ್ಕವೂ ನನ್ನ ತಲೆಯಲ್ಲಿ ನಡೆದಿತ್ತು. ನನ್ನ ಹೆಸರು ಆದೇಶದಲ್ಲಿ ಬಂದರೆ ಅದು ಒಂದು ವಾರದಲ್ಲಿ ಆಳಂದದ ಪ್ರತಿ ಅಂಗಡಿಯ ಕಟ್ಟೆಗೆ ಬರುತ್ತದೆ. ಹೆಣ್ಣುಮಗಳ ಕೈಗೆ ಲೆಕ್ಕ ಕೊಟ್ಟರೆ ಹೀಗೇ ಆಗುವುದು ಎನ್ನುತ್ತಾರೆ. ಗಂಡಸು ತಪ್ಪು ಮಾಡಿದರೆ ಅವನೊಬ್ಬನ ಹೆಸರು ಕೆಡುತ್ತದೆ, ನಾನು ಮಾಡಿದರೆ ನನ್ನ ಹಿಂದೆ ಬರುವ ಹುಡುಗಿಯರ ಹೆಸರೂ ಕೆಡುತ್ತದೆ. ಈ ಕೊನೆಯ ಮಾತನ್ನು ನಾನು ನನಗೆ ಬಹಳ ಸಲ ಹೇಳಿಕೊಂಡೆ. ಅದರಲ್ಲಿ ನಿಜವೂ ಇತ್ತು. ಆದರೆ ಆ ಹುಡುಗಿಯರ ನೆನಪು ನನಗೆ ಬಂದದ್ದು ಆ ಬಸ್ಸಿನಲ್ಲೇ ಮೊದಲು.

ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದೆ, ಆರು ಪುಟ. ಗಡಿಯ ಊರುಗಳ ಬದುಕು, ನೆಂಟಸ್ತನ, ಗಿರಾಕಿಗಳೇ ಬಂದು ಒಯ್ದದ್ದು, ಪ್ರಾಮಾಣಿಕ ದಾಖಲೆ, ಎಲ್ಲ ಬರೆದೆ. ಚೆನ್ನಾಗಿಯೇ ಬರೆದೆ. ಯಾರ ಮಾತು ಕೇಳಿ ಊರಿಗೆ ಗೆರೆ ಹಾಕಿಸಿದರು ಎಂಬ ಒಂದು ಸಾಲು ಮಾತ್ರ ಬರೆಯಲಿಲ್ಲ. ಚಾಚಾಗೆ ಇಂಗ್ಲಿಷ್ ಬರುವುದಿಲ್ಲ. ಇದರಲ್ಲಿ ಏನಿದೆ ಎಂದು ಕೇಳಿದರು, ನಾಲ್ಕು ಮಾತಿನಲ್ಲಿ ಹೇಳಿದೆ. ಮತ್ತೇನೂ ಇಲ್ಲವೇ ಎಂದರು. ಇಲ್ಲ ಎಂದೆ. ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸಹಿ ಮಾಡುವ ಮೊದಲು ಮಂದಿ ಹೀಗೆ ಕೂರುವುದು ಇದ್ದದ್ದೇ ಎಂದುಕೊಂಡೆ. ಆಮೇಲೆ ಪ್ರತಿ ಪುಟದ ಕೆಳಗೂ ನಿಧಾನವಾಗಿ ಸಹಿ ಮಾಡಿದರು.

ವಿಚಾರಣೆಯ ದಿನ ನಾನೇ ಅವರ ಪರವಾಗಿ ಮಾತಾಡಿದೆ. ಅಧಿಕಾರಿ ಒರಟು ಮನುಷ್ಯನಲ್ಲ. ಪೂರ್ತಿ ಕೇಳಿದರು, ಬರೆದುಕೊಂಡರು, ಬೇರೆ ಏನಾದರೂ ಹೇಳುವುದಿದೆಯೇ ಎಂದು ನನ್ನನ್ನೂ ಕೇಳಿದರು, ಚಾಚಾನನ್ನೂ ಕೇಳಿದರು. ನಾನು ಇಲ್ಲ ಎಂದೆ. ಚಾಚಾ ನನ್ನ ಕಡೆ ನೋಡಿ, ಅಕ್ಕೋರು ಹೇಳಿದ್ದೇ ನನ್ನ ಮಾತು ಎಂದರು. ಹೊರಗೆ ಬಂದ ಮೇಲೆ ನೀರಿನ ಬಾಟಲಿ ಕೊಂಡು ನನಗೆ ಮೊದಲು ಕೊಟ್ಟರು, ಬಹಳ ಮಾತಾಡಿ ಗಂಟಲು ಒಣಗಿರಬೇಕು ಎಂದರು. ಆ ನೀರು ನಾನು ಕುಡಿದೆ.

ಆದೇಶ ದಂಡ ಸಮೇತ ಬಂತು. ಮೇಲ್ಮನವಿಯ ದಾರಿ ಇತ್ತು, ಆದರೆ ಅದಕ್ಕೆ ಮೊದಲು ಒಂದು ಪಾಲು ತುಂಬಬೇಕು, ಆಮೇಲೆ ವರ್ಷಗಟ್ಟಲೆ ಅಲೆಯಬೇಕು. ಚಾಚಾ ಬೇಡ ಎಂದರು. ಖಾಲಿ ಜಾಗ ಮೊದಲು ಹೋಯಿತು. ಬ್ಯಾಂಕಿನವರು ಖಾತೆ ತಡೆಹಿಡಿದಾಗ ಕಬ್ಬಿಣದ ಸಾಹುಕಾರ ಉದ್ದರಿ ಕೊಡುವುದನ್ನು ನಿಲ್ಲಿಸಿದ. ಕಬ್ಬಿಣವಿಲ್ಲದೆ ಬಿತ್ತನೆಯ ಹಂಗಾಮು ಹಾಗೇ ಕಳೆಯಿತು. ಕೊರೆಯುವ ಮಷೀನು, ವೆಲ್ಡಿಂಗ್ ಸೆಟ್ಟು, ಅಪ್ಪನ ಕಾಲದ, ಕಬ್ಬಿಣ ಬಡಿಯುವ ಅಡಿಗಲ್ಲು, ಎಲ್ಲ ಒಂದೊಂದಾಗಿ ಮಾರಾಟವಾದವು. ನಾನು ಒಮ್ಮೆ ಹಿರೋಳ್ಳಿಗೆ ಹೋಗಿದ್ದೆ, ಕಾಗದಕ್ಕೆ ಸಹಿ ಬೇಕಿತ್ತು. ಆಚೆಯ ಊರಿನವನೊಬ್ಬ ಮುರಿದ ಕೂರಿಗೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದಿದ್ದ. ಬೆಸೆಯಲು ಏನೂ ಉಳಿದಿಲ್ಲ ಎಂದು ಚಾಚಾ ಅವನಿಗೆ ಮರಾಠಿಯಲ್ಲಿ ತಿಳಿಸಿ ಹೇಳುತ್ತಿದ್ದರು. ಆ ಮನುಷ್ಯ ನಂಬಲಿಲ್ಲ. ಶೆಡ್ಡಿನ ಒಳಗೆ ಹೋಗಿ ನೋಡಿ ಬಂದ.

ಆ ಇಡೀ ವರ್ಷ ನಾನು ಅವರಿಂದ ಫೀ ತೆಗೆದುಕೊಳ್ಳಲಿಲ್ಲ. ಅದನ್ನು ಅವರು ಊರ ತುಂಬ ಹೇಳಿಕೊಂಡು ತಿರುಗಿದರು. ಅದರಿಂದ ನನಗೆ ಹೊಸ ಗಿರಾಕಿಗಳು ಬಂದರು. ನನ್ನ ಹೆಸರು ಕೆಡಬಾರದೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ, ಹೆಸರು ಕೆಡುವುದಿರಲಿ, ಇನ್ನೂ ಬೆಳೆಯಿತು. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಇನ್ನು ಹೇಳಿ ಏನು ಉಪಯೋಗ, ಆದೇಶ ಬಂದಾಗಿದೆ, ಅವರ ಮನಸ್ಸಿಗೆ ಇನ್ನೊಂದು ನೋವು ಯಾಕೆ ಎಂದು ಬಾಯಿ ಮುಚ್ಚಿದ್ದೇನೆ. ಆ ನೋವು ಅವರದ್ದಲ್ಲ, ನನ್ನದು ಎಂದು ಗೊತ್ತಿದ್ದೇ ಮುಚ್ಚಿದ್ದೇನೆ.

ಹೋದ ಬೇಸಿಗೆಯಲ್ಲಿ ಅವರು ನೋಂದಣಿ ರದ್ದು ಮಾಡಿಸಲು ಬಂದರು. ಅಫಜಲಪುರದಲ್ಲಿ ತಮ್ಮ ಹಳೆಯ ಶಿಷ್ಯನೊಬ್ಬನ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರಿದ್ದರು, ದಿನಗೂಲಿ. ಚೌಡಾಪುರದ ಕಡೆ ಒಂದು ಬಾಡಿಗೆ ಖೋಲಿ ನೋಡಿದ್ದೇನೆ, ಹೆಂಡತಿಯನ್ನೂ ಕರೆದೊಯ್ಯುತ್ತೇನೆ ಎಂದರು. ಅರವತ್ತು ದಾಟಿದ ಮನುಷ್ಯ, ತನ್ನ ಕೈಕೆಳಗೆ ಕೆಲಸ ಕಲಿತವನ ಕೈಕೆಳಗೆ ದುಡಿಯಲು ಹೊರಟಿದ್ದರು. ನಾನು ಕಂಪ್ಯೂಟರಿನಲ್ಲಿ ಅರ್ಜಿ ತೆರೆದೆ. ರದ್ದತಿಗೆ ಕಾರಣ ಎಂಬಲ್ಲಿ ವ್ಯಾಪಾರ ನಿಂತಿದೆ ಎಂಬುದನ್ನು ಆರಿಸಿದೆ. ಅವರು ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಅರ್ಜಿ ಹೋಯಿತು, ಇನ್ನು ಏನೂ ಇಲ್ಲ ಎಂದು ಹೇಳಿದೆ.

ಅವರು ಎದ್ದರು. ಬಾಗಿಲ ತನಕ ಹೋಗಿ ನಿಂತರು. ಅವತ್ತು ಕಾರ್ಖಾನೆಗೆ ಬಂದ ಅಧಿಕಾರಿ ಬಿಲ್ ಬುಕ್ಕು ನೋಡಿ, ಊರು ಬರೆಯದಿದ್ದರೆ ನಿಮಗೆ ಏನೂ ಆಗುತ್ತಿರಲಿಲ್ಲ, ಬರೆಯಲು ಯಾರು ಹೇಳಿದರು ಎಂದು ಕೇಳಿದ್ದರಂತೆ. ಇದನ್ನು ಅವರು ಹವಾಮಾನದ ಸುದ್ದಿ ಹೇಳಿದಷ್ಟು ಮೆಲ್ಲಗೆ ಹೇಳಿದರು.

"ಯಾರೂ ಹೇಳಿಲ್ರಿ, ನಂದಾ ರೂಢಿ ಅಂತ ಬರಕೊಟ್ಟೇನ್ರಿ ಅವರಿಗೆ. ಹೆಣ್ಮಗಳು ಈಗರೆ ಒಂದೀಟು ನಿಂತಾಳ, ಆಕಿ ಹೆಸರು ಯಾಕ ಅಂದ್ಕೊಂಡೆ."

ಅಂದರೆ ನೋಟೀಸು ಹಿಡಿದುಕೊಂಡು ಮೊದಲ ದಿನ ನನ್ನೆದುರು ಕೂತಾಗಲೇ ಅವರಿಗೆ ಎಲ್ಲ ಗೊತ್ತಿತ್ತು. ಉತ್ತರದಲ್ಲಿ ಮತ್ತೇನೂ ಇಲ್ಲವೇ ಎಂದು ಕೇಳಿದಾಗ ಗೊತ್ತಿತ್ತು. ವಿಚಾರಣೆಯಲ್ಲಿ ನನ್ನ ಕಡೆ ತಿರುಗಿ ನೋಡಿದಾಗಲೂ ಗೊತ್ತಿತ್ತು.

"ನೀವು ಹೇಳಿದ್ರೂ ನಿಮ್ಮ ಹೆಸರು ಬರೀಗೊಡ್ತಿದ್ದಿಲ್ರಿ ನಾ," ಎಂದರು ಚಾಚಾ. "ಖರೆ ನೀವು ಹೇಳ್ತೀರಿ ಅಂತ ಇಷ್ಟ ದಿನ ಹಾದಿ ನೋಡ್ದೆ."

ತಪ್ಪು ನನ್ನದು ಎಂಬ ಮಾತು ಒಂದು ವರ್ಷದಿಂದ ನನ್ನ ಬಾಯಲ್ಲೇ ಇತ್ತು. ಅದನ್ನು ಕೇಳಲು ಅವರು ಅಲ್ಲಿ ನಿಂತಿದ್ದರು. ಸಾಕಷ್ಟು ಹೊತ್ತು ನಿಂತಿದ್ದರು. ನಾನು ಬಾಯಿ ತೆರೆದು, "ಕೂಡ್ರಿ ಚಾಚಾ, ಚಹಾ ತರಸ್ತೇನಿ," ಎಂದೆ.

ಬ್ಯಾಡ್ರಿ, ಬಸ್ ಬಿಡ್ತದ ಎಂದು ಹೇಳಿ ಅವರು ಮೆಟ್ಟಿಲು ಇಳಿದರು.